‘ಫಿಟ್’ ಎಂದು ಬಂದ ಚೀಟಿ: ಒಂದು ಹಲ್ಲು, ಎರಡು ಪತ್ರಗಳ ಪ್ರಕರಣ

ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ್. ಇಲ್ಲಿ ಬರೆಯುತ್ತಿರುವುದು ನನ್ನ ಕ್ಲಿನಿಕ್ಕಿನಲ್ಲೇ ನಡೆದದ್ದು. ರೋಗಿಯನ್ನೂ ಅವರ ಹೆಂಡತಿಯನ್ನೂ ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಕೆಲಸದಂಥ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಚಿಕಿತ್ಸೆಯ ವಿಷಯ ಮಾತ್ರ ನಡೆದ ಹಾಗೇ ಇದೆ. ರೋಗಿಯನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತೇನೆ. ಕ್ಲಿನಿಕ್ಕಿನಲ್ಲೂ ಹಾಗೇ ಕರೆಯೋದು.

ಬೇರೆ ಡಾಕ್ಟರಿಗೆ ರೋಗಿಯನ್ನು ಕಳಿಸುವಾಗ ಬರೆಯುವ ಪತ್ರದ ಬಗ್ಗೆ ಕಾಲೇಜಿನಲ್ಲಿ ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಸೀನಿಯರ್‌ಗಳು ಬರೆದದ್ದನ್ನು ನೋಡಿ ಹಾಗೇ ಬರೆಯಲು ಕಲಿತೆವು. ಈ ಪ್ರಕರಣ ಆಗುವವರೆಗೂ ಅದು ಒಂದು ಕಲಿಯಬೇಕಾದ ಕೆಲಸ ಅಂತಲೇ ನನಗೆ ಅನ್ನಿಸಿರಲಿಲ್ಲ.

ಹಿನ್ನೆಲೆ

ಅಣ್ಣನಿಗೆ ಆಗ 46 ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ನಸುಕಿನಲ್ಲಿ ಹೋದರೆ ಮಧ್ಯಾಹ್ನದ ತನಕ ಬೆಂಕಿಯ ಮುಂದೆ ನಿಲ್ಲಬೇಕು. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದಿತ್ತು. ಮೊದಲು ಗಂಟಲು ನೋವು, ಆಮೇಲೆ ಕೀಲುಗಳು ಊದಿಕೊಂಡು ಜ್ವರ. ಜ್ವರ ಹೋಯಿತು, ಆದರೆ ಹೃದಯದ ಕವಾಟ ಕೆಟ್ಟಿತು. 32ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಮೈಟ್ರಲ್ ಕವಾಟದ ಜಾಗಕ್ಕೆ ಕೃತಕ ಕವಾಟ ಕೂರಿಸಿದ್ದರು. ನಮ್ಮ ಜನ ಅದನ್ನು ಸ್ಟೀಲ್ ವಾಲ್ವ್ ಅಂತಾರೆ. ರಾತ್ರಿ ಮನೆಯೆಲ್ಲ ಸದ್ದಿಲ್ಲದಾಗ ಅದರ ಟಿಕ್ ಟಿಕ್ ಕೇಳಿಸುತ್ತದೆ. ಅಕ್ಕ ಅದನ್ನು ‘ನಮ್ಮ ಮನೆ ಗಡಿಯಾರ’ ಅಂತಾರೆ.

ಇಂಥ ಕವಾಟ ಇರುವವರು ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ತಗೋಬೇಕು. ಅಣ್ಣ ತಗೋತಿದ್ದದ್ದು ಅಸಿಟ್ರಾಂ. ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಐಎನ್‌ಆರ್ ಎಂಬ ರಕ್ತಪರೀಕ್ಷೆ ಇದೆ. ಮಾತ್ರೆ ತಗೊಳ್ಳದವರಲ್ಲಿ ಅದು 1ರ ಆಸುಪಾಸು ಇರುತ್ತದೆ. ಅಣ್ಣನಂಥವರಿಗೆ 2.5ರಿಂದ 3.5ರ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಚೂರು ಮೆದುಳಿಗೆ ಹೋಗಬಹುದು. ತೀರಾ ಏರಿದರೆ ಎಲ್ಲಿ ಬೇಕಾದರೂ ರಕ್ತ ಸೋರಬಹುದು. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕೆಂದು ಹೇಳಿದ್ದರೂ ಅಣ್ಣ ಮೂರು ತಿಂಗಳಿಗೊಮ್ಮೆ ಮಾಡಿಸುತ್ತಿದ್ದರು. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು, ಅಲ್ವಾ?

ನಮ್ಮೂರಿನಲ್ಲಿ ಚೀಟಿಗಳ ಓಡಾಟ ಬಹಳ. ಎರಡು ಮೆಡಿಕಲ್ ಕಾಲೇಜು, ಎರಡು ಡೆಂಟಲ್ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ. ಜೊತೆಗೆ ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್ ಸುತ್ತಮುತ್ತ ಸಾಲು ಸಾಲು ನರ್ಸಿಂಗ್ ಹೋಂ. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಬಸ್ಸಿಳಿದ ಜನ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಚೀಟಿ ಹಿಡಿದು ಓಡಾಡುತ್ತಾರೆ. ಹೀಗೆ ಅಕ್ಕಪಕ್ಕದಲ್ಲೇ ಇರುವುದರಿಂದಲೇ ಚೀಟಿ ಚಿಕ್ಕದಾಗಿದೆ ಅಂತ ನನಗನ್ನಿಸುತ್ತದೆ. ‘ಬೇಕಾದರೆ ಫೋನ್ ಮಾಡ್ತಾರೆ ಬಿಡು’ ಎಂಬ ಧೈರ್ಯ. ಯಾರೂ ಫೋನ್ ಮಾಡುವುದಿಲ್ಲ.

ಮೊದಲ ಪತ್ರ

ಅಣ್ಣ ಬಂದದ್ದು ಬಲಗಡೆ ಕೆಳದವಡೆಯ ಹಲ್ಲುನೋವಿಗೆ. ಹಲ್ಲಿನ ಮೇಲ್ಭಾಗ ಪೂರ್ತಿ ಹುಳುಕು ತಿಂದು ಎರಡು ಬೇರು ಮಾತ್ರ ಉಳಿದಿತ್ತು. ಉಳಿಸಿಕೊಳ್ಳುವ ಹಲ್ಲಲ್ಲ, ಕೀಳಲೇಬೇಕು. ಹಾರ್ಟ್ ಆಪರೇಷನ್ ಆಗಿದೆ ಎಂದು ಅವರೇ ಹೇಳಿದರು. ಅವರನ್ನು ನೋಡುತ್ತಿದ್ದ ಫಿಸಿಶಿಯನ್ನರ ಹೆಸರು ಕೇಳಿಕೊಂಡು ಚೀಟಿ ಬರೆದೆ. ಇಂಗ್ಲಿಷಿನಲ್ಲಿ ಬರೆದ ಆ ಚೀಟಿಯಲ್ಲಿ ಇದ್ದದ್ದು ಇಷ್ಟೇ:

‘ಮಾನ್ಯರೇ, ಈ ರೋಗಿಗೆ ಹಲ್ಲು ಕೀಳಬೇಕಿದೆ. ಹಾರ್ಟ್ ಸರ್ಜರಿ ಆಗಿದೆಯಂತೆ. ದಯವಿಟ್ಟು ಫಿಟ್‌ನೆಸ್ ಕೊಟ್ಟು, ಅಗತ್ಯ ಕ್ರಮ ಕೈಗೊಳ್ಳಿ. ವಂದನೆಗಳು.’

ಆ ಹೊತ್ತಿನಲ್ಲಿ ನನಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಹೊರಗೆ ಆರು ಜನ ಕೂತಿದ್ದರು. ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆ.

ಮಾರನೇ ದಿನ ಅದೇ ಚೀಟಿಯ ಹಿಂದೆ ಉತ್ತರ ಬಂತು: ‘ಲೋಕಲ್ ಅನಸ್ತೇಶಿಯಾದಲ್ಲಿ ಹಲ್ಲು ತೆಗೆಯಲು ಫಿಟ್. 5 ದಿನ ಮೊದಲು ಅಸಿಟ್ರಾಂ ನಿಲ್ಲಿಸಿ.’ ಕೆಳಗೆ ಸಹಿ. ನನಗೆ ಬೇಕಿದ್ದ ಪದ ಸಿಕ್ಕಿತ್ತು. ಆರನೇ ದಿನಕ್ಕೆ ಬರಲು ಹೇಳಿದೆ.

ಎರಡೂ ಬದಿಯ ಬರಹವನ್ನು ಈಗ ಒಟ್ಟಿಗೆ ಓದಿದರೆ, ಏನೇನು ಬರೆದಿಲ್ಲ ಎನ್ನುವುದು ಕಣ್ಣಿಗೆ ಹೊಡೆಯುತ್ತದೆ. ನಾನು ಎಷ್ಟು ಹಲ್ಲು ಎಂದು ಬರೆದಿಲ್ಲ. ಒಂದೇ ಹಲ್ಲು ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಎಷ್ಟು ರಕ್ತ ಹೋಗಬಹುದು, ಅದನ್ನು ತಡೆಯಲು ನನ್ನ ಹತ್ತಿರ ಏನಿದೆ ಎಂದೂ ಹೇಳಿಲ್ಲ. ಕೃತಕ ಕವಾಟ ಎಂಬ ಪದವೂ ಇಲ್ಲ, ಅಸಿಟ್ರಾಂ ಎಂಬ ಪದವೂ ಇಲ್ಲ. ಅಣ್ಣ ಮೂರು ದಿನದಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗುತ್ತಿದ್ದರು. ಅದು ಅಸಿಟ್ರಾಂ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅದನ್ನು ನಾನು ಕೇಳಲೂ ಇಲ್ಲ, ಬರೆಯಲೂ ಇಲ್ಲ. ಅವರ ಕಡೆಯ ಉತ್ತರದಲ್ಲಿ ಮಾತ್ರೆ ಮತ್ತೆ ಯಾವಾಗ ಶುರು ಮಾಡಬೇಕು, ಐಎನ್‌ಆರ್ ಯಾರು ನೋಡಬೇಕು, ಹಲ್ಲು ಕೀಳುವುದು ಮುಂದಕ್ಕೆ ಹೋದರೆ ಏನು ಮಾಡಬೇಕು ಎಂಬುದಿಲ್ಲ. ಇಬ್ಬರೂ ಆತುರದಲ್ಲಿ ಬರೆದಿದ್ದೆವು. ಆದರೆ ಮೊದಲು ಬರೆದವಳು ನಾನು. ಅವರು ನನ್ನ ಚೀಟಿಯ ಅಳತೆಗೆ ತಕ್ಕ ಉತ್ತರ ಕೊಟ್ಟರು.

‘ಹಾಗೇ ಇರಲಿ’

ಹೇಳಿದ ದಿನ ಅಣ್ಣ ಬಂದಾಗ ಬಲಗೆನ್ನೆ ಊದಿತ್ತು. ಬಾವು ಬಂದು ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಕೀಳುವುದು ಕಷ್ಟ ಅನ್ನಿಸಿ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಎಂಬ ಎರಡು ಆಂಟಿಬಯಾಟಿಕ್ ಬರೆದುಕೊಟ್ಟು, ‘ಬಾವು ಇಳಿಯಲಿ, ಐದು ದಿನ ಬಿಟ್ಟು ಬನ್ನಿ’ ಎಂದೆ. ಇಲ್ಲಿ ಇನ್ನೊಂದು ತಪ್ಪು ಕೂತಿದೆ. ಮೆಟ್ರೊನಿಡಜೋಲ್ ಅಸಿಟ್ರಾಂನ ಪರಿಣಾಮವನ್ನು ಬಹಳ ಜಾಸ್ತಿ ಮಾಡುತ್ತದೆ. ಅಣ್ಣ ಆ ವಾರ ಅಸಿಟ್ರಾಂ ನುಂಗುತ್ತಿದ್ದರೆ ಅಪಾಯ ಇನ್ನೊಂದು ಕಡೆಯಿಂದ ಬರುತ್ತಿತ್ತು.

ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು ಕೇಳಿದರು, ‘ಮೇಡಂ, ಆ ರಕ್ತದ ಮಾತ್ರೆ?’

ನಾನು ಮುಂದಿನ ರೋಗಿಯ ಎಕ್ಸ್‌ರೇ ನೋಡುತ್ತಿದ್ದೆ. ‘ಹಾಗೇ ಇರಲಿ’ ಎಂದೆ.

ಈ ಎರಡು ಪದದ ಬಗ್ಗೆ ನಾನು ಯೋಚಿಸಿದಷ್ಟು ಬೇರೆ ಯಾವುದರ ಬಗ್ಗೆಯೂ ಯೋಚಿಸಿಲ್ಲ. ಮಾಮೂಲಿನಂತೆ ತಗೋತಾ ಇರಿ ಎಂದು ಹೇಳಿದೆನಾ, ಈಗ ನಿಲ್ಲಿಸಿದ್ದೀರಲ್ಲ ಹಾಗೇ ಮುಂದುವರಿಸಿ ಎಂದೆನಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಾನು ಎರಡನ್ನೂ ಯೋಚಿಸಿರಲಿಲ್ಲ. ಪ್ರಶ್ನೆ ಕಿವಿಗೆ ಬಿತ್ತು, ಬಾಯಿಗೆ ಬಂದ ಉತ್ತರ ಕೊಟ್ಟೆ. ಅಣ್ಣ ಅರ್ಥ ಮಾಡಿಕೊಂಡದ್ದು ನಿಲ್ಲಿಸಿದ್ದು ನಿಂತೇ ಇರಲಿ ಎಂದು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಮಾತ್ರೆ ಬಿಟ್ಟು ಒಂಬತ್ತನೇ ದಿನ ಬೆಳಿಗ್ಗೆ ಭಟ್ಟಿಯಲ್ಲಿ ಅವರ ಬಲಗೈಯಿಂದ ಜರಡಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಪಕ್ಕದವರು ಏನಾಯ್ತು ಎಂದು ಕೇಳಿದರೆ ಮಾತು ತೊದಲಿತು. ಭಟ್ಟಿಯವರು ತಡಮಾಡದೆ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಗೆ ತಲುಪುವ ಹೊತ್ತಿಗೆ ಕೈ ಬರತೊಡಗಿತ್ತು, ಮಾತೂ ತಿಳಿಯಾಗಿತ್ತು. ಎಲ್ಲ ಸೇರಿ ಸುಮಾರು 20 ನಿಮಿಷ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಐಎನ್‌ಆರ್ 1.1 ಬಂತು. ಅಂದರೆ ಕವಾಟಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರು ಮಾಡಿ, ಮೆಟ್ರೊನಿಡಜೋಲ್ ನಿಲ್ಲಿಸಿ, ಅಸಿಟ್ರಾಂ ಮತ್ತೆ ಕೊಟ್ಟು, ಐಎನ್‌ಆರ್ 2.6ಕ್ಕೆ ಬಂದ ಮೇಲೆ ಮನೆಗೆ ಕಳಿಸಿದರು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಕವಾಟ ಸರಿಯಾಗಿ ಕೆಲಸ ಮಾಡುತ್ತಿತ್ತು. ಕೈಯ ಬಲ ಪೂರ್ತಿ ವಾಪಸ್ ಬಂತು.

‘5 ದಿನ’ ಎಂಬ ಲೆಕ್ಕದ ಬಗ್ಗೆಯೂ ಒಂದು ಮಾತು. ಅದು ಇದೇ ಗುಂಪಿನ ವಾರ್ಫರಿನ್ ಎಂಬ ಇನ್ನೊಂದು ಮಾತ್ರೆಯ ಲೆಕ್ಕ. ಅಸಿಟ್ರಾಂನ ಪರಿಣಾಮ ಅದಕ್ಕಿಂತ ಬೇಗ, ಎರಡು ಮೂರು ದಿನದಲ್ಲೇ ಇಳಿದುಬಿಡುತ್ತದೆ. ಅಂದರೆ ಅಣ್ಣ ಆ ಒಂಬತ್ತು ದಿನದಲ್ಲಿ ಆರೇಳು ದಿನ ಬರಿಗೈಯಲ್ಲಿ ಇದ್ದ ಹಾಗೆ.

ನನಗೆ ವಿಷಯ ಗೊತ್ತಾದದ್ದು ಅಕ್ಕ ಬಂದಾಗ. ಒಂದು ಕೈಯಲ್ಲಿ ಡಿಸ್ಚಾರ್ಜ್ ಕಾಗದ, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆಯಾಗಿದ್ದ ನನ್ನ ಚೀಟಿ. ಜಗಳಕ್ಕೆ ಬಂದಿರಲಿಲ್ಲ. ಕೂತು, ಚೀಟಿಯನ್ನು ನನ್ನ ಮುಂದೆ ಬಿಡಿಸಿಟ್ಟು ಕೇಳಿದರು. ‘ಇದರಾಗೆ ಏನ್ ಬರದೈತಿ ಅಂತ ಓದಿ ಹೇಳ್ರಿ ಮೇಡಂ. ನನಗೆ ಕನ್ನಡ ಓದಾಕ ಬರ್ತೈತಿ. ಇದು ತಿಳಿಲಿಲ್ಲ.’

ಓದಿ ಹೇಳಿದೆ. ಎರಡೂ ಬದಿ ಓದಿ ಮುಗಿಸಲು ಅರ್ಧ ನಿಮಿಷ ಹಿಡಿಯಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, ‘ಇಷ್ಟೇನಾ?’ ಎಂದರು.

ಫಿಸಿಶಿಯನ್ನರ ಮೇಜಿನ ಮುಂದೆ

ಆ ರಾತ್ರಿಯೇ ಫಿಸಿಶಿಯನ್ನರಿಗೆ ಫೋನ್ ಮಾಡಿ, ಮಾರನೇ ದಿನ ಅವರ ಓಪಿಡಿ ಮುಗಿದ ಮೇಲೆ ಹೋದೆ. ಹಿರಿಯರು. ಅವರ ಮೇಲೆ ತಪ್ಪು ಹೊರಿಸಲು ಬಂದಿದ್ದೇನೆ ಎಂದುಕೊಂಡಾರು ಎಂಬ ಅಳುಕಿತ್ತು. ಹಾಗಾಗಿ ಮೊದಲೇ ಹೇಳಿದೆ, ‘ಸರ್, ನನ್ನ ಚೀಟಿ ಸರಿ ಇರಲಿಲ್ಲ. ಹೇಗೆ ಬರೆದರೆ ನಿಮಗೆ ಅನುಕೂಲ ಅಂತ ಕೇಳೋಕೆ ಬಂದೆ.’ ಈ ಪ್ರಕರಣದಲ್ಲಿ ನಾನು ತಗೊಂಡ ಸರಿಯಾದ ನಿರ್ಧಾರಗಳಲ್ಲಿ ಅದು ಮೊದಲನೆಯದು ಅಂತ ಈಗಲೂ ಅನ್ನಿಸುತ್ತದೆ.

ಅವರು ಮೇಜಿನ ಡ್ರಾಯರ್ ಎಳೆದು ಒಂದು ಹಿಡಿ ಚೀಟಿ ಮುಂದಿಟ್ಟರು. ಬೇರೆ ಬೇರೆ ಕಡೆಯಿಂದ ಬಂದವು. ಹೆಚ್ಚುಕಡಿಮೆ ಎಲ್ಲವೂ ನನ್ನ ಚೀಟಿಯಂತೆಯೇ ಇದ್ದವು. ‘ಮೇಡಂ, ನೀವೆಲ್ಲ ಫಿಟ್ ಆ ಅಂತ ಕೇಳ್ತೀರಿ. ಬಿಪಿ ನೋಡ್ತೀನಿ, ಇಸಿಜಿ ನೋಡ್ತೀನಿ, ಫಿಟ್ ಅಂತ ಬರೀತೀನಿ. ಯಾವುದಕ್ಕೆ ಫಿಟ್ ಅಂತ ನೀವು ಹೇಳಿದ್ರೆ ತಾನೆ ನಾನು ಯೋಚನೆ ಮಾಡೋದು?’

ಅಸಿಟ್ರಾಂ ನಿಲ್ಲಿಸಲು ಹೇಳಿದ್ದಕ್ಕೂ ಅವರಲ್ಲಿ ಕಾರಣ ಇತ್ತು. ಕೆಲವು ವರ್ಷದ ಹಿಂದೆ ಅವರ ಇನ್ನೊಬ್ಬ ರೋಗಿ ಏಳೆಂಟು ಹಲ್ಲು ಒಂದೇ ದಿನ ಕೀಳಿಸಿಕೊಂಡು ರಾತ್ರಿಯಿಡೀ ರಕ್ತ ಉಗುಳಿ ಅಡ್ಮಿಟ್ ಆಗಿದ್ದರು. ‘ಎಕ್ಸ್‌ಟ್ರಾಕ್ಷನ್’ ಎಂಬ ಪದ ಕಂಡರೆ ಅವರ ಕಣ್ಣ ಮುಂದೆ ಬರುವುದು ಆ ರಾತ್ರಿ. ನನ್ನ ಕಣ್ಣ ಮುಂದೆ ಬರುವುದು ಹತ್ತು ನಿಮಿಷದ ಕೆಲಸ, ಒಂದು ಹೊಲಿಗೆ, ಬಾಯಲ್ಲಿ ಕಚ್ಚಿಟ್ಟ ಗಾಜ್. ಒಂದೇ ಪದಕ್ಕೆ ಇಬ್ಬರ ತಲೆಯಲ್ಲೂ ಬೇರೆ ಬೇರೆ ಚಿತ್ರ. ಆ ಚಿತ್ರ ಯಾವುದು ಎಂದು ಬರೆದು ತೋರಿಸುವ ಕೆಲಸ ಪತ್ರದ್ದು.

ನಾನು ನಮ್ಮ ಕಡೆಯ ವಿಷಯ ಹೇಳಿದೆ. ಸ್ಕಾಟ್ಲೆಂಡಿನ ದಂತವೈದ್ಯರ ಮಾರ್ಗಸೂಚಿ ಬಹಳ ಕಡೆ ಬಳಕೆಯಲ್ಲಿದೆ. ಅದರ ಪ್ರಕಾರ ಐಎನ್‌ಆರ್ 4ಕ್ಕಿಂತ ಕಡಿಮೆ ಇದ್ದರೆ ಈ ಮಾತ್ರೆ ನಿಲ್ಲಿಸದೆಯೇ ಸಾಮಾನ್ಯ ಹಲ್ಲು ಕೀಳುವ ಕೆಲಸ ಮಾಡಬಹುದು. ಪರೀಕ್ಷೆ ಹಿಂದಿನ 24 ಗಂಟೆಯೊಳಗಿನದಾಗಿರಬೇಕು. ಐಎನ್‌ಆರ್ ಏರುಪೇರಿಲ್ಲದೆ ಸ್ಥಿರವಾಗಿರುವವರಿಗಾದರೆ 72 ಗಂಟೆಯವರೆಗೂ ನಡೆಯುತ್ತದೆ. ಹಲ್ಲಿನ ಗುಳಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಜಾಗ. ಅಲ್ಲಿ ರಕ್ತ ಬಂದರೆ ಒತ್ತಿ ಹಿಡಿಯಬಹುದು, ಹೊಲಿಯಬಹುದು, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಗಾಜ್ ಇಡಬಹುದು. ಕವಾಟದ ಮೇಲೆ ಕೂತ ಹೆಪ್ಪಿಗೆ ನಾವು ಅಷ್ಟು ಸುಲಭವಾಗಿ ಏನೂ ಮಾಡಲಾಗುವುದಿಲ್ಲ. ಅವರು ತಲೆಯಾಡಿಸಿ, ‘ಇದನ್ನೇ ಚೀಟಿಯಲ್ಲಿ ಬರೆದಿದ್ರೆ ನಾನು ನಿಲ್ಲಿಸಿ ಅಂತ ಬರೀತಿರಲಿಲ್ಲ’ ಎಂದರು.

ಅಲ್ಲೇ ಕೂತು ಹೊಸ ಪತ್ರ ಬರೆದೆ. ಮೊದಲು ಬರೆದದ್ದು ಒಂದೂವರೆ ಪುಟ ಆಯಿತು. ಇತಿಹಾಸದಿಂದ ಶುರುವಾಗಿ ಪ್ರಶ್ನೆ ಕೊನೆಯ ಸಾಲಿನಲ್ಲಿತ್ತು. ಅವರು ಪೆನ್ನು ತಗೊಂಡು ಕೊನೆಯ ಸಾಲಿನ ಸುತ್ತ ಗೆರೆ ಎಳೆದು, ಬಾಣ ಹಾಕಿ ಮೇಲಕ್ಕೆ ತಂದರು. ‘ನಾನು ಎದುರಿಗೆ ರೋಗಿ ಕೂರಿಸಿಕೊಂಡು ಓದೋದು. ಮೊದಲ ಎರಡು ಸಾಲಿನಲ್ಲಿ ನಿಮಗೆ ಏನು ಬೇಕು ಅಂತ ಇರಲಿ. ಉಳಿದದ್ದು ಅದಕ್ಕೋಸ್ಕರ ಓದ್ತೀನಿ.’

ಎರಡನೇ ಪತ್ರ

ಕೊನೆಗೆ ಉಳಿದದ್ದು ಇದು. ಕನ್ನಡಕ್ಕೆ ಇಳಿಸಿ ಕೊಡುತ್ತಿದ್ದೇನೆ.

‘ಮಾನ್ಯ ಡಾಕ್ಟರೇ,

ಕೃತಕ ಮೈಟ್ರಲ್ ಕವಾಟ ಇರುವ ಈ ರೋಗಿಗೆ ಅಸಿಟ್ರಾಂ ನಿಲ್ಲಿಸದೆ ಒಂದು ಹಲ್ಲು ತೆಗೆಯಬೇಕೆಂದಿದ್ದೇನೆ. ಇದಕ್ಕೆ ನಿಮ್ಮ ಒಪ್ಪಿಗೆ ಮತ್ತು ಕೆಳಗಿನ ಮೂರು ಪ್ರಶ್ನೆಗೆ ಉತ್ತರ ಬೇಕು.

ಒಂದು: ಇತ್ತೀಚಿನ ಐಎನ್‌ಆರ್‌ಗಳು ಎಷ್ಟಿವೆ, ಈ ರೋಗಿಗೆ ನೀವು ಇಟ್ಟುಕೊಂಡಿರುವ ಗುರಿ ಎಷ್ಟು? ಎರಡು: ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ಈಗಲೂ ನಡೆಯುತ್ತಿದೆಯೇ? ಮೂರು: ಅಸಿಟ್ರಾಂ ಅಲ್ಲದೆ ಆಸ್ಪಿರಿನ್‌ನಂಥ ಬೇರೆ ಮಾತ್ರೆ ಇದೆಯೇ?

ಹಲ್ಲು: ಬಲ ಕೆಳದವಡೆಯ ಮೊದಲ ದವಡೆಹಲ್ಲು, ಎರಡು ಬೇರು ಮಾತ್ರ ಉಳಿದಿವೆ. ಕಳೆದ ತಿಂಗಳು ಬಾವು ಬಂದು ಈಗ ಇಳಿದಿದೆ. ಮತ್ತೆ ಬರುವ ಸಾಧ್ಯತೆ ಜಾಸ್ತಿ. ಕವಾಟಕ್ಕೆ ಸೋಂಕು ತಗಲುವ ಭಯ ಇರುವುದರಿಂದ ಬಹಳ ದಿನ ಕಾಯುವುದು ಒಳ್ಳೆಯದಲ್ಲ. ಎರಡು ವಾರದೊಳಗೆ ತೆಗೆಯುವ ಯೋಚನೆ.

ಹಿನ್ನೆಲೆ: ಕಳೆದ ತಿಂಗಳು ಅಸಿಟ್ರಾಂ ಒಂಬತ್ತು ದಿನ ನಿಂತಾಗ 20 ನಿಮಿಷ ಬಲಗೈ ಬಲಹೀನವಾಗಿ ಮಾತು ತೊದಲಿತ್ತು. ಡಿಸ್ಚಾರ್ಜ್ ಪ್ರತಿ ಲಗತ್ತಿಸಿದೆ. ಪೆನಿಸಿಲಿನ್ ಅಲರ್ಜಿ ಇಲ್ಲ.

ನನ್ನ ಯೋಜನೆ: ಸೋಮವಾರ ಬೆಳಿಗ್ಗೆ, ಲೋಕಲ್ ಅನಸ್ತೇಶಿಯಾದಲ್ಲಿ. ಹಿಂದಿನ ದಿನದ ಐಎನ್‌ಆರ್ 3.5ರೊಳಗೆ ಇದ್ದರೆ ಮಾತ್ರ ತೆಗೆಯುತ್ತೇನೆ. ಗುಳಿಗೆ ಜೆಲಾಟಿನ್ ಸ್ಪಂಜ್ ಇಟ್ಟು ಹೊಲಿಗೆ ಹಾಕಿ, ಒಂದು ಗಂಟೆ ಕ್ಲಿನಿಕ್ಕಿನಲ್ಲೇ ಕೂರಿಸಿಕೊಳ್ಳುತ್ತೇನೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮೆಟ್ರೊನಿಡಜೋಲ್, ಡೈಕ್ಲೋಫೆನಾಕ್ ಕೊಡುವುದಿಲ್ಲ.

ಅಸಿಟ್ರಾಂ ಪ್ರಮಾಣ ಬದಲಿಸುವುದಿದ್ದರೆ ಅದು ನಿಮ್ಮಿಂದಲೇ ಆಗಲಿ. ಹಲ್ಲು ತೆಗೆದ ದಿನ ಸಂಜೆ ನಾನು ನಿಮಗೆ ಬರೆದು ತಿಳಿಸುತ್ತೇನೆ. ದಿನ ಮುಂದಕ್ಕೆ ಹೋದರೂ ತಿಳಿಸುತ್ತೇನೆ. ನನ್ನ ಮೊಬೈಲ್ ನಂಬರ್ ಕೆಳಗಿದೆ.’

ಪೆನಿಸಿಲಿನ್ ಇಂಜೆಕ್ಷನ್ ಪ್ರಶ್ನೆ ಯಾಕೆ ಎಂದು ನನ್ನ ಅಸಿಸ್ಟೆಂಟ್ ಕೇಳಿದ್ದಳು. ರುಮ್ಯಾಟಿಕ್ ಜ್ವರ ಬಂದವರಿಗೆ ಅದು ಮರುಕಳಿಸದಂತೆ ವರ್ಷಗಟ್ಟಲೆ ಆ ಇಂಜೆಕ್ಷನ್ ಕೊಡುತ್ತಾರೆ. ಇನ್ನು, ಕೃತಕ ಕವಾಟ ಇರುವವರಿಗೆ ಕವಾಟಕ್ಕೆ ಸೋಂಕು ತಗಲದಂತೆ ಹಲ್ಲು ಕೀಳುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಡಬೇಕು. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಹೀಗೆ ಔಷಧಿ ಬೇಕಾದವರ ಪಟ್ಟಿಯನ್ನು ಬಹಳ ಚಿಕ್ಕದು ಮಾಡಿತು. ಆದರೂ ಕೃತಕ ಕವಾಟದವರನ್ನು ಪಟ್ಟಿಯಲ್ಲೇ ಉಳಿಸಿತು. 2021ರಲ್ಲೂ ಅವರು ಅದರಲ್ಲಿದ್ದಾರೆ. ಆದರೆ ಈಗಾಗಲೇ ಪೆನಿಸಿಲಿನ್ ನಡೆಯುತ್ತಿದ್ದರೆ ಬಾಯಿಯ ಕ್ರಿಮಿಗಳು ಅದಕ್ಕೆ ಒಗ್ಗಿಹೋಗಿರಬಹುದು. ಆಗ ಅಜಿತ್ರೊಮೈಸಿನ್‌ನಂಥ ಬೇರೆ ಗುಂಪಿನ ಔಷಧಿ ಬೇಕು. ನನಗೆ ಉತ್ತರ ಗೊತ್ತಿಲ್ಲದ, ಅವರಿಗೆ ಗೊತ್ತಿರುವ, ನನ್ನ ಕೆಲಸವನ್ನು ಬದಲಿಸಬಲ್ಲ ಪ್ರಶ್ನೆ ಅದು. ಪತ್ರದಲ್ಲಿ ಕೇಳಬೇಕಾದದ್ದು ಅಂಥದ್ದನ್ನೇ.

ಇದರ ಜೊತೆ ಇನ್ನೊಂದು ಕಾಗದ ಬರೆದೆ. ಅಕ್ಕ ‘ಇಷ್ಟೇನಾ’ ಎಂದದ್ದು ತಲೆಯಲ್ಲಿ ಕೊರೆಯುತ್ತಿತ್ತು. ಇಷ್ಟು ವರ್ಷ ನನ್ನ ಚೀಟಿಗಳನ್ನು ಹೊತ್ತು ತಿರುಗಿದವರು ಅದರಲ್ಲಿ ಏನಿದೆ ಎಂದು ತಿಳಿಯದೇ ಹೊತ್ತಿದ್ದರು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು: ‘ಅಸಿಟ್ರಾಂ ಒಂದು ದಿನವೂ ಬಿಡಬೇಡಿ. ಭಾನುವಾರ ಬೆಳಿಗ್ಗೆ ಐಎನ್‌ಆರ್ ಪರೀಕ್ಷೆ. ಸೋಮವಾರ ಬೆಳಿಗ್ಗೆ ತಿಂಡಿ ತಿಂದು 9ಕ್ಕೆ ಕ್ಲಿನಿಕ್. ಯಾರಾದರೂ ಮಾತ್ರೆ ನಿಲ್ಲಿಸಿ ಎಂದರೆ ಮೊದಲು ಈ ನಂಬರಿಗೆ ಫೋನ್ ಮಾಡಿ.’ ಅಕ್ಕ ಅದನ್ನು ನನ್ನ ಮುಂದೆಯೇ ಜೋರಾಗಿ ಓದಿದರು. ಅಣ್ಣನ ಕೈಯಲ್ಲೂ ಒಮ್ಮೆ ಹೇಳಿಸಿದರು.

ಏನಾಯಿತು

ಉತ್ತರ ಮಾರನೇ ದಿನವೇ ಬಂತು. ಈ ಸಲ ಬೇರೆ ಹಾಳೆಯಲ್ಲಿ, ಪ್ರಶ್ನೆಯ ಕ್ರಮದಲ್ಲೇ. ಗುರಿ 3, ಹಿಂದಿನ ಮೂರು ಐಎನ್‌ಆರ್‌ಗಳ ಅಂಕಿ, ಪೆನಿಸಿಲಿನ್ ಇಂಜೆಕ್ಷನ್ 40ನೇ ವಯಸ್ಸಿಗೆ ನಿಂತಿದೆ, ಆಸ್ಪಿರಿನ್ ಇಲ್ಲ. ಕೆಳಗೆ ಒಂದು ಸಾಲು: ‘ಮಾತ್ರೆ ನಿಲ್ಲಿಸುವುದು ಬೇಡ. ನಿಮ್ಮ ಯೋಜನೆಗೆ ಒಪ್ಪಿಗೆ. ಒಂದು ವಾರದ ನಂತರದ ಐಎನ್‌ಆರ್ ನಾನು ನೋಡುತ್ತೇನೆ.’ ಈ ಸಲ ಫಿಟ್ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

ಭಾನುವಾರದ ಐಎನ್‌ಆರ್ 2.9. ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಮನೆಯಲ್ಲೇ ಅಮಾಕ್ಸಿಸಿಲಿನ್ ತಗೊಂಡು ಬಂದರು. ಬಾವು ಇಳಿಸಲು ಕೊಟ್ಟಿದ್ದ ಅಮಾಕ್ಸಿಸಿಲಿನ್ ಮುಗಿದು ಮೂರು ವಾರ ಕಳೆದಿತ್ತು. ಹಾಗಾಗಿ ಅದನ್ನೇ ಕೊಡಲು ತೊಂದರೆ ಇರಲಿಲ್ಲ. ಬೇರುಗಳನ್ನು ಬೇರೆ ಬೇರೆ ಮಾಡಿ ನಿಧಾನವಾಗಿ ತೆಗೆದೆ. ಎರಡು ಹೊಲಿಗೆ. ಗಾಜ್ ಕಚ್ಚಿಸಿ ಕೂರಿಸಿದೆ. ಒಂದು ಗಂಟೆಗೆ ಗುಳಿ ಒಣಗಿತ್ತು. ಸೋಮವಾರ, ಬೆಳಿಗ್ಗೆ ಎಂದು ಆರಿಸಿಕೊಂಡದ್ದೂ ಲೆಕ್ಕ ಹಾಕಿಯೇ. ರಕ್ತ ಮತ್ತೆ ಬರುವುದಿದ್ದರೆ ಹಗಲಲ್ಲೇ ಬರಲಿ, ಮಾರನೇ ದಿನವೂ ಎಲ್ಲ ಬಾಗಿಲು ತೆರೆದಿರಲಿ ಎಂದು.

ರಾತ್ರಿ ಹತ್ತಕ್ಕೆ ಅಕ್ಕನ ಫೋನ್ ಬಂತು. ಉಗುಳು ಕೆಂಪಗೆ ಬರುತ್ತಿದೆ ಎಂದರು. ಕೊಟ್ಟಿದ್ದ ಗಾಜ್ ಮಡಚಿ ಇಟ್ಟು 20 ನಿಮಿಷ ಗಟ್ಟಿಯಾಗಿ ಕಚ್ಚಿಸಿ, ನಡುವೆ ತೆಗೆದು ನೋಡಬೇಡಿ ಎಂದೆ. ಅರ್ಧ ಗಂಟೆ ಬಿಟ್ಟು ನಾನೇ ಫೋನ್ ಮಾಡಿದೆ. ನಿಂತಿತ್ತು.

ಆ ಸಂಜೆ ಫಿಸಿಶಿಯನ್ನರಿಗೆ ಮೂರು ಸಾಲು ಬರೆದು ಕಳಿಸಿದ್ದೆ: ಹಲ್ಲು ತೆಗೆದಾಯಿತು, ಮಾತ್ರೆ ಮುಂದುವರಿಯುತ್ತಿದೆ, ಇಂಥ ದಿನ ಹೊಲಿಗೆ ನೋಡುತ್ತೇನೆ. ರಾತ್ರಿಯ ವಿಷಯವನ್ನು ಮಾರನೇ ಬೆಳಿಗ್ಗೆ ಸೇರಿಸಿದೆ. ಹೀಗೆ ವಾಪಸ್ ಬರೆಯುವುದನ್ನು ಅಲ್ಲಿಯವರೆಗೆ ನಾನು ಒಮ್ಮೆಯೂ ಮಾಡಿರಲಿಲ್ಲ. ಕಳಿಸಿದ ರೋಗಿಗೆ ಏನಾಯಿತು ಎಂದು ಗೊತ್ತಾದ ಡಾಕ್ಟರ್ ಮುಂದಿನ ಪತ್ರವನ್ನು ಬೇರೆ ಕಣ್ಣಿನಿಂದ ಓದುತ್ತಾರೆ ಎಂಬುದು ಆಮೇಲಿನ ತಿಂಗಳುಗಳಲ್ಲಿ ನನಗೆ ಅರ್ಥವಾಯಿತು. ಒಂದು ವಾರದ ಐಎನ್‌ಆರ್ 2.7 ಇತ್ತು. ಅದನ್ನು ಅವರೇ ಮೆಸೇಜ್ ಮಾಡಿ ತಿಳಿಸಿದರು.

ಆಮೇಲೆ ಬದಲಾದದ್ದು

ಕ್ಲಿನಿಕ್ಕಿನಲ್ಲಿ ಅರ್ಧ ಪುಟದ ಒಂದು ನಮೂನೆ ಮಾಡಿಕೊಂಡೆ. ಮೇಲೆ ‘ನಿಮ್ಮಿಂದ ಬೇಕಾದದ್ದು’, ಕೊನೆಗೆ ‘ಮುಂದೆ ಯಾರು ಏನು ಮಾಡುತ್ತೇವೆ’. ನಡುವೆ ಖಾಲಿ ಜಾಗ. ನಡುವಿನ ಭಾಗಕ್ಕೂ ಟಿಕ್ ಹಾಕುವ ಚೌಕ ಮಾಡಿದ್ದೆ. ಎರಡು ವಾರದಲ್ಲಿ ತೆಗೆದುಹಾಕಿದೆ. ಚೌಕ ಕಂಡರೆ ಕೈ ತಾನಾಗಿ ಟಿಕ್ ಹಾಕುತ್ತದೆ, ತಲೆ ಓಡುವುದಿಲ್ಲ. ಕೈಯಾರೆ ಬರೆಯುವಾಗ ‘ಇದನ್ನು ಕೇಳಿಲ್ಲವಲ್ಲ’ ಎಂದು ಹೊಳೆಯುತ್ತದೆ, ಪೆನ್ನು ನಿಲ್ಲಿಸಿ ರೋಗಿಯನ್ನು ಕೇಳುತ್ತೇನೆ. ಡೈಕ್ಲೋಫೆನಾಕ್‌ನಂಥ ವಿಷಯ ಹೊರಬೀಳುವುದು ಹೀಗೇ.

ಈ ಕೊರತೆ ಹಲ್ಲಿನ ಡಾಕ್ಟರುಗಳ ಕಡೆ ಮಾತ್ರ ಇಲ್ಲ. ಇತ್ತೀಚೆಗೆ ‘ಹಲ್ಲುನೋವು, ದಯವಿಟ್ಟು ನೋಡಿ’ ಎಂಬ ಚೀಟಿ ಹಿಡಿದು ಒಬ್ಬ ಅಜ್ಜಿ ಬಂದರು. ಹಲ್ಲು ಅಲುಗಾಡುತ್ತಿತ್ತು, ಕೀಳುವುದು ಸುಲಭ. ಮಾತಾಡಿಸಿದಾಗ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿ, ತಿಂಗಳಿಗೊಮ್ಮೆ ಮೂಳೆಯ ಇಂಜೆಕ್ಷನ್ ತಗೋತಿದ್ದಾರೆ ಎಂದು ಗೊತ್ತಾಯಿತು. ವಿಚಾರಿಸಿದರೆ ಝೊಲೆಡ್ರೊನಿಕ್ ಆಸಿಡ್. ಅದನ್ನು ತಗೊಳ್ಳುವವರಿಗೆ ಹಲ್ಲು ಕಿತ್ತರೆ ದವಡೆಯ ಮೂಳೆ ಮಾಯದೆ ಸಾಯುವ ಅಪಾಯವಿದೆ. ಚೀಟಿಯಲ್ಲಿ ಆ ಒಂದು ಹೆಸರು ಇರಬೇಕಿತ್ತು. ಕಳಿಸಿದ ಡಾಕ್ಟರಿಗೆ ಫೋನ್ ಮಾಡಿ, ನಾನು ಏನು ಯೋಚಿಸುತ್ತಿದ್ದೇನೆ ಎಂದು ಹೇಳಿ, ಬರೆದೂ ಕಳಿಸಿದೆ. ಫೋನಿನಲ್ಲಿ ಆಡಿದ ಮಾತು ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತದೆ. ‘ಹಾಗೇ ಇರಲಿ’ ಆದ ಮೇಲೆ ಮಾತ್ರೆಯ ವಿಷಯವನ್ನು ನಾನು ಬಾಯಿಮಾತಿನಲ್ಲಿ ಬಿಡುವುದಿಲ್ಲ.

ಎಲ್ಲರಿಂದಲೂ ಉತ್ತರ ಬರುವುದಿಲ್ಲ. ಕೆಲವರು ಈಗಲೂ ನನ್ನ ಪತ್ರದ ಮೂಲೆಯಲ್ಲಿ ‘ಫಿಟ್’ ಎಂದು ಬರೆದು ವಾಪಸ್ ಕಳಿಸುತ್ತಾರೆ. ಆಗ ಪ್ರಶ್ನೆಗಳ ಕೆಳಗೆ ಗೆರೆ ಎಳೆದು, ಅದೇ ಪತ್ರವನ್ನು ಮತ್ತೆ ಕಳಿಸುತ್ತೇನೆ. ರೋಗಿಗೆ ಎರಡು ಸಲ ಓಡಾಟವಾಗುತ್ತದೆ, ಬೇಜಾರಾಗುತ್ತದೆ. ಯಾಕೆ ಎಂದು ಕೂರಿಸಿ ಹೇಳುತ್ತೇನೆ.

ಅಣ್ಣನಿಗೆ ಅದೇ ಬದಿಯ ಹಿಂದಿನ ಹಲ್ಲಿನಲ್ಲೂ ಹುಳುಕಿದೆ. ಅದನ್ನು ಉಳಿಸಬಹುದು, ಬೇರಿನ ಚಿಕಿತ್ಸೆ ಸಾಕು. ಯುಗಾದಿ ಕಳೆದ ಮೇಲೆ ಮಾಡೋಣ ಎಂದಿದ್ದೇವೆ. ಕಳೆದ ವಾರ ಅಕ್ಕ ಒಬ್ಬರೇ ಬಂದು ಪತ್ರ ತಗೊಂಡು ಹೋದರು. ಬಾಗಿಲ ಹತ್ತಿರ ನಿಂತು ಕನ್ನಡದ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ‘ಇದರಾಗೆ ದಿನ ಮುಂದಕ್ಕೆ ಹೋದ್ರೆ ಏನು ಅಂತ ಬರದಿಲ್ಲ ಮೇಡಂ’ ಎಂದರು. ಹಾಳೆ ವಾಪಸ್ ಈಸಿಕೊಂಡು, ಆ ಸಾಲು ಸೇರಿಸಿ ಕೊಟ್ಟೆ.